ಗುರಿ ಮುಟ್ಟಿದ ಮರುದಿನ

(ಚಳ್ಳಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ವೈಯಕ್ತಿಕ ಗುರಿಗಳನ್ನು ಸಾಧಿಸುವುದು ಹೇಗೆ, ಸಾಧಿಸಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ವಿಷಯವನ್ನು ಸಂಘಟಕರು ಕೊಟ್ಟಾಗ ನಾನು ಒಂದು ಮಾತು ಕೇಳಿಕೊಂಡೆ. ಉದಾಹರಣೆಗಳಿಗಾಗಿ ಅಮೆರಿಕದ ಕೋಟ್ಯಧೀಶರ ಮನೆಗೆ ಹೋಗುವುದಿಲ್ಲ, ಆದಷ್ಟೂ ಚಳ್ಳಕೆರೆ, ಮೊಳಕಾಲ್ಮೂರು ಎಂಬ ಈ ಎರಡು ತಾಲ್ಲೂಕುಗಳಲ್ಲೇ ಹುಡುಕುತ್ತೇನೆ ಎಂದೆ. ಅವರು ಸಂತೋಷದಿಂದ ಒಪ್ಪಿದರು. ಬರದ ಸೀಮೆ ಎಂದು ಎಲ್ಲರೂ ಕರೆಯುವ ಈ ನೆಲದಲ್ಲಿ ಸಾಧನೆಗಳ ಚರಿತ್ರೆ ಎಷ್ಟು ಹಳೆಯದು, ಅದರಿಂದ ಕಲಿಯಬೇಕಾದದ್ದು ಎಷ್ಟಿದೆ ಎಂಬುದು ಈ ಉಪನ್ಯಾಸಕ್ಕೆ ತಯಾರಾಗುವಾಗ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಿಗುವ ಯಶಸ್ಸಿನ ಪುಸ್ತಕಗಳು ಬಹುಮಟ್ಟಿಗೆ ಒಂದೇ ದಿನದ ಕಡೆಗೆ ಮುಖ ಮಾಡಿರುತ್ತವೆ: ಫಲಿತಾಂಶ ಬರುವ ದಿನ, ನೇಮಕಾತಿ ಆದೇಶ ಕೈಸೇರುವ ದಿನ, ಪದಕ ಕೊರಳಿಗೆ ಬೀಳುವ ದಿನ. ಅದರ ಮರುದಿನ ಬೆಳಗ್ಗೆ ಆ ಮನುಷ್ಯ ಎದ್ದು ಏನು ಮಾಡಿದ, ಹತ್ತು ವರ್ಷದ ಮೇಲೆ ಎಲ್ಲಿದ್ದ, ಅವನು ಗಳಿಸಿದ್ದು ಯಾರಿಗೆ ದಾಟಿತು ಎಂದು ಅವು ಕೇಳುವುದಿಲ್ಲ. ನನಗೆ ಈ ಮರುದಿನದ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಗುರಿ ಮುಟ್ಟುವುದು ಛಲದಿಂದ ಆಗಬಹುದು. ಮುಟ್ಟಿದ್ದನ್ನು ಕಾಯುವುದಕ್ಕೆ ಛಲವೊಂದೇ ಸಾಲದು. ಅದಕ್ಕೆ ಜೊತೆಯವರು ಬೇಕು. ದುಡಿದ ಕೈಗೆ ದುಡಿಮೆಯ ಫಲ ತಲುಪಬೇಕು. ಗೆದ್ದದ್ದನ್ನು ಮತ್ತೆ ಒರೆಗೆ ಹಚ್ಚುವ ಮನಸ್ಸೂ ಬೇಕು. ಇಷ್ಟನ್ನೇ ನಾನು ಇವತ್ತು ಹೇಳಲು ಬಂದಿರುವುದು.

ಇದನ್ನು ನಮ್ಮ ನೆಲದಲ್ಲಿ ಮೊದಲು ಬರೆದಿಟ್ಟದ್ದು ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲೆ. ಚಿನ್ನಹಗರಿಯ ಆಸುಪಾಸಿನಲ್ಲಿ, ಒಂದಕ್ಕೊಂದು ಹತ್ತಿರದಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ವಿದ್ವಾಂಸರ ಗಮನಕ್ಕೆ ತಂದರು. ಅದಕ್ಕೆ ಮೊದಲು ಊರವರಿಗೆ ಅವು ಗೊತ್ತಿರಲಿಲ್ಲವೆಂದಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಅವರು ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. ಜಟಾಯುವಿನ ಕಥೆಯೊಂದಿಗೆ ಸೇರಿಕೊಂಡಿರುವ ಜಟಿಂಗರಾಮೇಶ್ವರದ ಬೆಟ್ಟದಲ್ಲಿ, ಶಾಸನವಿರುವ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರು ಬಂದದ್ದು ಜಾತ್ರೆಯ ಹೊತ್ತಿನಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ. ಅಲ್ಲಿನ ಅಕ್ಷರಗಳು ತುಂಬ ಸವೆದಿವೆ. ಬ್ರಹ್ಮಗಿರಿಯ ಪಾಠ ಮಾತ್ರ ಚೆನ್ನಾಗಿ ಉಳಿದಿದೆ.

ಅದರ ಸಾರ ಹೀಗಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ, ಎಂದರೆ ರಾಜಕುಮಾರನೂ, ಅಲ್ಲಿನ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಅರಸನ ಮಾತನ್ನು ಮುಟ್ಟಿಸುತ್ತಾರೆ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಒಂದು ವರ್ಷ ತಾನು ಹೆಚ್ಚೇನೂ ಶ್ರಮಿಸಲಿಲ್ಲ ಎನ್ನುತ್ತಾನೆ ಅರಸ. ಸಂಘದ ಹತ್ತಿರ ಹೋದ ಮೇಲೆ, ಒಂದು ವರ್ಷಕ್ಕೂ ಮಿಕ್ಕ ಕಾಲದಿಂದ, ಚೆನ್ನಾಗಿ ಶ್ರಮಿಸುತ್ತಿದ್ದಾನೆ. ಈ ಶ್ರಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಶ್ರಮಿಸಿದರೆ ಪಡೆಯಬಲ್ಲರು. ಹಾಗಾಗಿ ಸಣ್ಣವರೂ ದೊಡ್ಡವರೂ ಶ್ರಮಿಸಬೇಕು, ಗಡಿಯಾಚೆಯವರಿಗೂ ಇದು ತಿಳಿಯಬೇಕು, ಈ ಶ್ರಮ ಬಹುಕಾಲ ನಿಲ್ಲಬೇಕು, ಕಡಿಮೆಯೆಂದರೂ ಒಂದೂವರೆ ಪಟ್ಟು ಬೆಳೆಯಬೇಕು ಎಂಬುದು ಅವನ ಆಸೆ.

ಅವನು ಹೇಳುತ್ತಿರುವುದು ಧರ್ಮದ ಹಾದಿಯ ಶ್ರಮವನ್ನು. ಸರ್ಕಾರಿ ಕೆಲಸದ ಪರೀಕ್ಷೆಗೋ ಅಂಗಡಿ ವ್ಯಾಪಾರಕ್ಕೋ ಅದನ್ನು ನೇರವಾಗಿ ಅಂಟಿಸಿದರೆ ಆ ಶಾಸನಕ್ಕೆ ಅನ್ಯಾಯವಾಗುತ್ತದೆ. ಆದರೂ ಅದರಲ್ಲಿ ಮೂರು ಸಂಗತಿಗಳು ನನ್ನನ್ನು ಬಹಳ ಕಾಲದಿಂದ ಹಿಡಿದು ನಿಲ್ಲಿಸಿವೆ. ದೇಶದ ಬಹುಭಾಗವನ್ನು ಆಳಿದ ದೊರೆ ತಾನು ಸಡಿಲವಾಗಿ ಕಳೆದ ಒಂದು ವರ್ಷವನ್ನು ಮುಚ್ಚಿಡಲಿಲ್ಲ. ಪ್ರಜೆಗಳೆಲ್ಲ ಕೇಳುವಂತೆ ಕಲ್ಲಿನ ಮೇಲೆ ಬರೆಸಿದ. ಇಲ್ಲಿರುವ ಎಷ್ಟೋ ಮಕ್ಕಳು ಪದವಿ ಮುಗಿಸಿ ಒಂದು ವರ್ಷ ಸುಮ್ಮನೆ ಹೋಯಿತು ಎಂಬ ಕೊರಗಿನಲ್ಲೇ ಎರಡನೆಯ ವರ್ಷವನ್ನೂ ಕಳೆಯುತ್ತಾರೆ. ಆ ಕೊರಗನ್ನು ಬಿಡಿ ಎಂದು ನಾನು ಹೇಳುವುದಕ್ಕಿಂತ ಬ್ರಹ್ಮಗಿರಿಗೆ ಹೋಗಿ ಆ ಬಂಡೆಯ ಮುಂದೆ ನಿಲ್ಲುವುದು ಮೇಲು.

ಸಡಿಲ ವರ್ಷಕ್ಕೂ ಬಿಗಿಯಾದ ವರ್ಷಕ್ಕೂ ನಡುವೆ ಏನಾಯಿತು ಎಂಬುದು ಇನ್ನೂ ಮುಖ್ಯ. ಅವನು ಸಂಘದ ಬಳಿಗೆ ಹೋದ. ಮನಸ್ಸು ಗಟ್ಟಿ ಮಾಡಿಕೊಂಡೆ ಎಂದು ಹೇಳಿಕೊಳ್ಳುವುದಿಲ್ಲ, ಜೊತೆ ಹುಡುಕಿಕೊಂಡೆ ಎನ್ನುತ್ತಾನೆ. ಚಕ್ರವರ್ತಿಯೊಬ್ಬನಿಗೇ ಒಂಟಿಯಾಗಿ ಶ್ರಮವನ್ನು ನಿಲ್ಲಿಸಿಕೊಳ್ಳಲು ಆಗಲಿಲ್ಲವೆಂದರೆ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಓದುವ ಹುಡುಗಿಯಿಂದ ಅದನ್ನು ನಿರೀಕ್ಷಿಸುವುದು ಎಷ್ಟು ಸರಿ? ಇನ್ನು ಅವನು ಬಯಸಿದ ಬೆಳವಣಿಗೆ ಒಂದೂವರೆ ಪಟ್ಟು ಮಾತ್ರ. ಹತ್ತು ಪಟ್ಟು, ನೂರು ಪಟ್ಟು ಎಂದು ಹೇಳುವ ಅಧಿಕಾರ ಅವನಿಗಿತ್ತು. ಬಹುಕಾಲ ಬಾಳಬೇಕಾದ್ದನ್ನು ಯೋಚಿಸುವವರು ಮಿತವಾಗಿಯೇ ಲೆಕ್ಕ ಹಾಕುತ್ತಾರೆಂದು ನನಗೆ ತೋರುತ್ತದೆ.

ಆ ಬಂಡೆಯಲ್ಲಿ ಇನ್ನೊಬ್ಬನ ಹೆಸರೂ ಇದೆ, ಚಪಡ. ಶಾಸನ ಬರೆದ ಲಿಪಿಕಾರ. ಇಡೀ ಪಾಠವನ್ನು ಬ್ರಾಹ್ಮಿಯಲ್ಲಿ ಬರೆದು ಮುಗಿಸಿದ ಮೇಲೆ, ತನ್ನ ವೃತ್ತಿಯನ್ನು ಹೇಳುವ ಪದವೊಂದನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದ. ವಾಯವ್ಯದ ಗಾಂಧಾರದ ಕಡೆಯ ಲಿಪಿ ಅದು. ಈ ಶಾಸನಗಳು ಅರಸನನ್ನು ದೇವಾನಾಂಪ್ರಿಯ ಎಂಬ ಬಿರುದಿನಿಂದಲೇ ಕರೆಯುತ್ತವೆ; ಮಸ್ಕಿಯ ಶಾಸನ 1915ರಲ್ಲಿ ಸಿಕ್ಕ ಮೇಲೆ ಆ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತವಾಯಿತು. ಬ್ರಹ್ಮಗಿರಿಯ ಬಂಡೆಯಲ್ಲಂತೂ ಅರಸನ ಸ್ವಂತ ಹೆಸರಿಲ್ಲ, ಬರೆದವನ ಹೆಸರಿದೆ. ಈ ಬಂಡೆಗಳ ಪಕ್ಕದ ಹೊಲಗಳನ್ನು ಮೊದಲು ಮೈಸೂರಿನ ಎಂ.ಎಚ್. ಕೃಷ್ಣ ಅವರೂ ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಸಿದಾಗ ಕಲ್ಲುಕೊಡಲಿಯ ಕಾಲದಿಂದ ಶಾತವಾಹನರ ಕಾಲದವರೆಗೆ ಪದರ ಪದರವಾಗಿ ಜನವಸತಿಯ ಗುರುತು ಸಿಕ್ಕಿತು. ಆ ಊರು ಹೋಯಿತು, ಕೆಲಸ ಚೆನ್ನಾಗಿ ಮಾಡಿ ಹೆಸರು ಹಾಕಿದ ಲಿಪಿಕಾರನ ಅಕ್ಷರ ಉಳಿಯಿತು.

ಬಂಡೆಗಳಿಂದ ಮೊಳಕಾಲ್ಮೂರು ಪಟ್ಟಣಕ್ಕೆ ಬರೋಣ. ಇಲ್ಲಿನ ರೇಷ್ಮೆ ಸೀರೆಯನ್ನು ನಿಮ್ಮಲ್ಲಿ ಹಲವರ ಮನೆಯ ಮದುವೆಗಳಲ್ಲಿ ಉಟ್ಟಿದ್ದಾರೆ. ಒಡಲಿನ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು. ಎರಡೂ ಒಂದಕ್ಕೊಂದು ಕಲಸಿಕೊಳ್ಳದೆ, ಗೆರೆ ಎಳೆದಂತೆ ಸೇರಬೇಕಾದರೆ ಮೂರು ಲಾಳಿ ಬೇಕು. ಎರಡು ಅಂಚಿಗೆ ಎರಡು, ಒಡಲಿಗೆ ಒಂದು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರರು ಒಬ್ಬರೇ ಇದನ್ನು ಮಾಡಲಾರರು. ಪಕ್ಕದಲ್ಲಿ ಇನ್ನೊಬ್ಬರು ಕೂತು ಆ ಕಡೆಯ ಲಾಳಿಯನ್ನು ತಿರುಗಿಸಿ ಕೊಡಬೇಕು. ಅದು ಹೆಂಡತಿಯಿರಬಹುದು, ಮಗನಿರಬಹುದು, ಪಕ್ಕದ ಮನೆಯ ಹುಡುಗನಿರಬಹುದು. ಮನೆಯ ಅಜ್ಜಿ ಕಂಡಿಕೆ ಸುತ್ತುತ್ತಾಳೆ. ನೂಲಿಗೆ ಬಣ್ಣ ಹಾಕುವವರು ಬೇರೆ, ಹಾಸು ತಯಾರಿಸುವವರು ಬೇರೆ. ಸೆರಗಿನಲ್ಲಿ ಹೂವೋ ಹಕ್ಕಿಯೋ ಹಣ್ಣೋ ಮೂಡುವ ಹೊತ್ತಿಗೆ ಇಷ್ಟು ಜನರ ಕೈ ಅದರಲ್ಲಿ ಸೇರಿರುತ್ತದೆ. ನೇಯ್ಗೆಯ ಮನೆಯಲ್ಲಿ ವೈಯಕ್ತಿಕ ಸಾಧನೆ ಎಂಬುದೇ ಒಂದು ಅರ್ಧ ಸತ್ಯ.

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಅದಕ್ಕೆ ಇಡೀ ತಾಲ್ಲೂಕು ಹೆಮ್ಮೆಪಟ್ಟಿತು, ಪಡಬೇಕಾದ್ದೇ. ಆದರೆ ಆ ಕಾನೂನಿನ ಒಂದು ಅಂಶವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ನೋಂದಣಿಯ ಆಯಸ್ಸು ಹತ್ತು ವರ್ಷ. ಅದನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಲೇ ಇರಬೇಕು. ಮಾನ್ಯತೆಯನ್ನು ಒಂದು ಸಲ ಪಡೆದು ಗೋಡೆಗೆ ತೂಗುಹಾಕಿಬಿಡುವಂತಿಲ್ಲ ಎಂದು 1999ರ ಕಾಯಿದೆಯೇ ಹೇಳಿದೆ. ಕಾಗದದ ನವೀಕರಣಕ್ಕೆ ಶುಲ್ಕ ಕಟ್ಟಿದರೆ ಸಾಕು. ಕಸುಬಿನ ನವೀಕರಣ ಅಷ್ಟು ಸುಲಭವಲ್ಲ. ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ ಕಾಯಿದೆ 1985ರಿಂದ ಇದೆ. ಆದರೂ ನೋಡಲು ಅದೇ ರೀತಿ ಕಾಣುವ ಸೀರೆಯನ್ನು ವಿದ್ಯುತ್ ಮಗ್ಗ ಅತಿ ಬೇಗ, ಅತಿ ಅಗ್ಗವಾಗಿ ನೇಯ್ದು ಕೊಡುತ್ತದೆ. ರೇಷ್ಮೆ ಮತ್ತು ಜರಿ ಕೊಟ್ಟು ಕೂಲಿಗೆ ನೇಯಿಸಿಕೊಳ್ಳುವ ಪದ್ಧತಿಯಲ್ಲಿ ಸೀರೆಯ ಬೆಲೆ ಏರಿದರೂ ನೇಕಾರರ ಕೂಲಿ ಅದೇ ವೇಗದಲ್ಲಿ ಏರುವುದಿಲ್ಲ.

ಹಾಗಾಗಿ ನೇಕಾರರ ಮನೆಯ ಮಕ್ಕಳು ಮಗ್ಗಕ್ಕೆ ಕೂರುವುದನ್ನು ಬಿಟ್ಟು ಬೆಂಗಳೂರಿನ ಕೆಲಸ ಹುಡುಕುತ್ತಾರೆ. ಅವರನ್ನು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಪ್ಪ ಇಪ್ಪತ್ತು ವರ್ಷ ಗುಂಡಿಯಲ್ಲಿ ಕೂತು ಕೀಲು ನೋವು ತಂದುಕೊಂಡದ್ದನ್ನು ನೋಡಿದ ಮಗ, ಕಸುಬು ಉಳಿಸು ಎಂಬ ಭಾಷಣ ಕೇಳಿ ಮಗ್ಗಕ್ಕೆ ಮರಳಬೇಕೆ? ಕೌಶಲ ಕಡಿಮೆಯಾಗಿ ಈ ಸಾಧನೆ ಸೊರಗುತ್ತಿಲ್ಲ. ಕೌಶಲಕ್ಕೆ ತಕ್ಕ ಬೆಲೆ ಕೈಗೆ ಬಾರದೆ ಸೊರಗುತ್ತಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಹೇಳಿದ್ದೆಂದು ನಮ್ಮೆಲ್ಲರ ಬಾಯಲ್ಲಿರುವ ಮಾತು, ಮಾಡಿದಷ್ಟು ನೀಡು ಭಿಕ್ಷೆ. ಇದನ್ನು ಸಾಮಾನ್ಯವಾಗಿ ದುಡಿಯುವವರಿಗೆ ಹೇಳಿದ ಬುದ್ಧಿಮಾತಾಗಿ ಓದುತ್ತೇವೆ. ನನಗೆ ಅದು ಕೊಡುವವರ ಮೇಲೆ ಹೊರಿಸಿದ ಹೊಣೆಯಾಗಿಯೂ ಕೇಳಿಸುತ್ತದೆ. ಕೆರೆ ಕಟ್ಟಿಸಿದರೆಂದು ಜನ ಇವತ್ತಿಗೂ ನೆನೆಯುವ ಸಂತರ ಮಾತು ಅದು. ಮಣ್ಣು ಹೊತ್ತವರಿಗೆ ಹೊತ್ತಷ್ಟು ಕೊಡು ಎಂಬ ಅರ್ಥ ಅದರಲ್ಲಿ ಇದ್ದೇ ಇದೆ.

ಈಗ ನಾವು ಕೂತಿರುವ ಚಳ್ಳಕೆರೆಯ ವಿಷಯ. ಈ ಊರನ್ನು ಆಯಿಲ್ ಸಿಟಿ ಎಂದರು, ಎರಡನೆಯ ಬೊಂಬಾಯಿ ಎಂದರು. ಶೇಂಗಾ ತುಂಬಿದ ಗಾಡಿಗಳು, ಮಿಲ್ಲುಗಳ ಸದ್ದು, ಹಿಂಡಿಯ ವಾಸನೆ ಹಿರಿಯರ ನೆನಪಿನಲ್ಲಿ ಇನ್ನೂ ಇದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು, ಎಣ್ಣೆಯ ವ್ಯಾಪಾರದಲ್ಲಿ ದೇಶದ ದೊಡ್ಡ ಪೇಟೆಗಳ ಜೊತೆ ಹೆಸರು ಹೇಳಿಸಿಕೊಂಡಿತು. ಇದಕ್ಕಿಂತ ದೊಡ್ಡ ಸಾಧನೆ ಯಾವುದಿದೆ? ಅದು ಹಾಗೆಯೇ ಏಕೆ ನಿಲ್ಲಲಿಲ್ಲ? 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುವಾಗಿ ಕೆಲವೇ ವರ್ಷಗಳಲ್ಲಿ ದೇಶ ಖಾದ್ಯ ತೈಲದಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. 1994ರಿಂದ ತಾಳೆ ಎಣ್ಣೆಯ ಆಮದಿನ ಮೇಲಿನ ನಿರ್ಬಂಧ ಸಡಿಲವಾಯಿತು. ಹೊರಗಿನ ಅಗ್ಗದ ಎಣ್ಣೆಯ ಮುಂದೆ ಶೇಂಗಾ ಎಣ್ಣೆ ದುಬಾರಿಯಾಯಿತು, ಮಿಲ್ಲುಗಳು ಒಂದೊಂದಾಗಿ ಬಾಗಿಲೆಳೆದವು. ಇದರಲ್ಲಿ ಚಳ್ಳಕೆರೆಯ ರೈತರ ತಪ್ಪೇನೂ ಇಲ್ಲ, ಮಿಲ್ಲಿನವರ ತಪ್ಪೂ ಅಷ್ಟಿಲ್ಲ. ಆದರೆ ಇಡೀ ತಾಲ್ಲೂಕು ಒಂದೇ ಬೆಳೆಯ ಮೇಲೆ ನಿಂತಿತ್ತು. ಬಹುಕಾಲ ಒಂದೇ ತಳಿಯ ಮೇಲೂ ನಿಂತಿತ್ತು. 1940ರಷ್ಟು ಹಿಂದೆ ತಿಂಡಿವನದಿಂದ ಬಂದ ಟಿಎಂವಿ–2 ಬೀಜ ಇಲ್ಲಿ ದಶಕಗಟ್ಟಲೆ ಬಿತ್ತನೆಯಾಯಿತು. ಅದು ನಂಬಿಕೆಯ ಬೀಜವೇ. ಆದರೆ ನಂಬಿಕೆಯ ಬೀಜವೊಂದನ್ನೇ ಹಿಡಿದರೆ, ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟ ವರ್ಷ ಮನೆಯಲ್ಲಿ ಬೇರೇನೂ ಇರುವುದಿಲ್ಲ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಶೇಂಗಾದ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ತೊಗರಿ, ಅಲಸಂದೆ, ಹರಳು. ಶೇಂಗಾ ಬೆಳೆದ ವರ್ಷ ಅಕ್ಕಡಿ ಕಣ್ಣಿಗೆ ಬೀಳುವುದಿಲ್ಲ. ಶೇಂಗಾ ಹೋದ ವರ್ಷ ಸಾರಿಗೆ ಬೇಳೆ, ದನಕ್ಕೆ ಹೊಟ್ಟು, ಕೈಖರ್ಚಿಗೆ ಒಂದಿಷ್ಟು ಹರಳು ಅದರಿಂದಲೇ. ಪೇಟೆಯ ಬೆಲೆ ಚೆನ್ನಾಗಿದ್ದ ಕಾಲದಲ್ಲಿ ಅಕ್ಕಡಿಯ ಜಾಗವನ್ನೂ ಶೇಂಗಾವೇ ತಿಂದಿತು. ಈಗ ಕೆಲವರು ಮತ್ತೆ ಆ ಸಾಲುಗಳಿಗೆ ಮರಳುತ್ತಿದ್ದಾರೆ. ವಿದ್ಯಾರ್ಥಿಗಳಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಜೊತೆಗೆ ಮೋಟಾರ್ ರಿವೈಂಡಿಂಗ್ ಕಲಿತಿದ್ದರೆ, ಪರೀಕ್ಷೆ ಕೈತಪ್ಪಿದ ವರ್ಷ ಅವನು ಮುರಿದುಬೀಳುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಪ್ರಯತ್ನಪಟ್ಟರೆ ಎಲ್ಲವೂ ಸಿಗುತ್ತದೆ ಎಂದು ವೇದಿಕೆಯ ಮೇಲಿಂದ ಹೇಳುವುದು ಸುಲಭ. ಮೋಡ ನೋಡಿ ಬಿತ್ತುವ ಜನರ ಮುಂದೆ ನಿಂತು ಹಾಗೆ ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಹೊತ್ತಿಗೆ ಸರಿಯಾಗಿ ಹರಗಿ, ಬಿತ್ತಿ, ಕಳೆ ತೆಗೆದವರ ಹೊಲವೂ ಒಣಗಿದೆ. ಅವರನ್ನು ಸೋತವರೆನ್ನಲು ನಮಗೆ ಯಾವ ಅಧಿಕಾರವೂ ಇಲ್ಲ. ಮರುವರ್ಷ ಬೀಜಕ್ಕೆ ಸಾಲ ಸಿಗುವುದು, ವಿಮೆಯ ಹಣ ಸಮಯಕ್ಕೆ ಬರುವುದು, ಇವೂ ಸಾಧನೆಯ ಭಾಗವೇ ಎಂದು ನಾವು ಒಪ್ಪಬೇಕು.

ಗೆದ್ದದ್ದನ್ನು ಒರೆಗೆ ಹಚ್ಚುವುದು ಎಂದೆನಲ್ಲ, ಅದಕ್ಕೆ ಈ ತಾಲ್ಲೂಕಿನಲ್ಲೇ ಇತ್ತೀಚಿನ ಉದಾಹರಣೆಯಿದೆ. ನಾಯಕನಹಟ್ಟಿ, ಕುದಾಪುರದ ಕಡೆಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ ಮರುಬಳಕೆಯ ಉಡಾವಣಾ ವಾಹನವನ್ನು ಇಳಿಸುವ ಪ್ರಯೋಗ ಮಾಡಿತು. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಆ ರೆಕ್ಕೆಯ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೊಯ್ದು ಬಿಟ್ಟಿತು. ಅದು ತಾನಾಗಿಯೇ ದಾರಿ ಕಂಡುಕೊಂಡು ರನ್‌ವೇ ಮೇಲೆ ಇಳಿಯಿತು. ಅಲ್ಲಿಗೆ ಗುರಿ ಮುಟ್ಟಿದಂತಾಯಿತು. ಆದರೆ ವಿಜ್ಞಾನಿಗಳು ಅಲ್ಲಿಗೆ ನಿಲ್ಲಿಸಲಿಲ್ಲ. 2024ರ ಮಾರ್ಚ್ 22ರಂದು ಅದನ್ನು ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಅದೇ ವರ್ಷ ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಅದೂ ಇನ್ನಷ್ಟು ಬಿರುಸಾದ ಗಾಳಿಯಲ್ಲಿ. ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲ ಮುಟ್ಟಿದ ವಾಹನ, ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸಿಕೊಂಡು, ಸರಿಯಾಗಿ ನಡುಗೆರೆಯ ಮೇಲೆ ನಿಂತಿತು. ಎರಡನೆಯ ಸಲ ಇಳಿದಿದ್ದ ರೆಕ್ಕೆಯ ದೇಹವನ್ನೇ ಮೂರನೆಯ ಸಲವೂ ಬಳಸಿದ್ದರು. ಮೊದಲ ಯಶಸ್ಸು ಅದೃಷ್ಟವಲ್ಲ ಎಂದು ತಮಗೆ ತಾವೇ ಸಾಬೀತು ಮಾಡಿಕೊಳ್ಳಲು ಅವರು ಬೇಕೆಂದೇ ಕಷ್ಟವನ್ನು ಹೆಚ್ಚಿಸಿಕೊಂಡರು. ಇದೇ ವಲಯದಿಂದ ಹಾರಾಡುತ್ತಿದ್ದ ಚಾಲಕರಹಿತ ವಿಮಾನವೊಂದು 2019ರ ಸೆಪ್ಟೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಹೊಲಕ್ಕೆ ಬಿದ್ದದ್ದನ್ನೂ ನೆನಪಿಡಿ. ಪರೀಕ್ಷಾ ವಲಯ ಇರುವುದೇ ಅಂಥ ಬೀಳುವಿಕೆಗಳಿಂದ ಕಲಿಯಲು.

ಆ ರನ್‌ವೇ ಇರುವ ನೆಲ ಅಮೃತ್ ಮಹಲ್ ಕಾವಲು. ತಲೆಮಾರುಗಳಿಂದ ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಸುಮಾರು 10 ಸಾವಿರ ಎಕರೆ ಹೀಗೆ ಸಂಸ್ಥೆಗಳಿಗೆ ಹೋದಾಗ ಸುತ್ತಲಿನ ಕುರಿಗಾಹಿಗಳು, ಕಂಬಳಿ ನೇಯುವವರು ಕಳೆದುಕೊಂಡದ್ದು ಸಣ್ಣದಲ್ಲ. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶದ ಸಾಧನೆಯೊಂದು ನಮ್ಮ ಅಂಗಳದಲ್ಲಿ ನಡೆದಾಗ ಹೆಮ್ಮೆಯ ಜೊತೆಗೆ ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಕುದಾಪುರದ ಸುತ್ತಲ ಹಳ್ಳಿಗಳ ಮಕ್ಕಳು ಆ ಕಾಂಪೌಂಡಿನೊಳಗೆ ಕಾವಲುಗಾರರಾಗಿ ಮಾತ್ರವಲ್ಲ, ತಂತ್ರಜ್ಞರಾಗಿ ಹೋಗುವ ದಿನ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕೊನೆಯದಾಗಿ ತಳುಕು. ಚಳ್ಳಕೆರೆ ತಾಲ್ಲೂಕಿನ ಈ ಊರಿನಿಂದ ಬಂದ ಟಿ.ಎಸ್. ವೆಂಕಣ್ಣಯ್ಯ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. 1885ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡರು. ಅವರು ಬರೆದ ಪುಸ್ತಕಗಳ ಪಟ್ಟಿ ಉದ್ದವಿಲ್ಲ. ಆದರೆ ಕುವೆಂಪು, ಡಿ.ಎಲ್. ನರಸಿಂಹಾಚಾರ್, ತೀ.ನಂ. ಶ್ರೀಕಂಠಯ್ಯ ಅವರ ಶಿಷ್ಯರು. ಗುರು ತೀರಿಕೊಂಡು ಹತ್ತು ವರ್ಷವಾದ ಮೇಲೆ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಅವರಿಗೇ. ಆ ಕಾವ್ಯಕ್ಕೆ ಆಮೇಲೆ ಜ್ಞಾನಪೀಠ ಬಂತು. ಇದೇ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಸ್ವಾತಂತ್ರ್ಯ ಹೋರಾಟ, ಮೇಷ್ಟರ ಕೆಲಸ ಎಲ್ಲ ಮುಗಿಸಿ ತಮ್ಮ ಹಳ್ಳಿಯಲ್ಲೇ ಶಾಲೆ ಕಟ್ಟಿ ಕೊನೆಯವರೆಗೂ ಅಲ್ಲಿನ ಮಕ್ಕಳ ನಡುವೆ ಬಾಳಿದರು. ಒಬ್ಬರು ಊರು ಬಿಟ್ಟು ಹೋಗಿ, ಇನ್ನೊಬ್ಬರು ಊರಿಗೆ ಮರಳಿ, ಇಬ್ಬರೂ ತಾವು ಗಳಿಸಿದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ.

ಹಾಗಾಗಿ ಎರಡು ಬೇಡಿಕೆಗಳನ್ನು ನಿಮ್ಮ ಮುಂದಿಟ್ಟು ಮಾತು ಮುಗಿಸುತ್ತೇನೆ. ಇಲ್ಲಿಂದ ಓದಿ ಕೆಲಸಕ್ಕೆ ಸೇರುವವರು ತಿಂಗಳಿಗೊಂದು ಭಾನುವಾರ ಊರಿನ ಗ್ರಂಥಾಲಯಕ್ಕೆ ಬಂದು, ಕೆಳಗಿನ ತರಗತಿಯ ಹುಡುಗ ಹುಡುಗಿಯರ ಜೊತೆ ಕೂರಬೇಕು. ಮೊದಲ ಸಂಬಳ ಬಂದ ತಿಂಗಳಿಂದಲೇ ಇದು ಶುರುವಾಗಲಿ. ಮುಂದಕ್ಕೆ ಹಾಕಿದರೆ ಆಗುವುದಿಲ್ಲ. ಇನ್ನೊಂದು ಸಂಘಟಕರಲ್ಲಿ ನನ್ನ ಬಿನ್ನಹ: ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಮೊಳಕಾಲ್ಮೂರಿನ ನೇಕಾರರೊಬ್ಬರನ್ನು ಕರೆಯಿರಿ. ಒಂದು ಸೀರೆಗೆ ಎಷ್ಟು ದಿನ, ಎಷ್ಟು ಕೈ, ಎಷ್ಟು ಕೂಲಿ ಎಂಬ ಲೆಕ್ಕವನ್ನು ಈ ವೇದಿಕೆಯ ಮೇಲೆ ಅವರೇ ಹೇಳಲಿ, ನಾನು ಸಭೆಯಲ್ಲಿ ಕೂತು ಕೇಳುತ್ತೇನೆ.